ಖಾಸ್‌ಬಾಗಿನಿಂದ ಮುದ್ದೇನಹಳ್ಳಿಗೆ



ನಂದಿ ಬೆಟ್ಟದ ಆಸುಪಾಸಿನಲ್ಲಿ ಎರಡು ಜನ್ಮಸ್ಥಳಗಳಿವೆ. ಒಂದರಿಂದ ಇನ್ನೊಂದಕ್ಕೆ ಹೆಚ್ಚೆಂದರೆ ಮುಕ್ಕಾಲು ಗಂಟೆಯ ದಾರಿ. ಮೊದಲನೆಯದು ದೇವನಹಳ್ಳಿಯಲ್ಲಿ ಟಿಪ್ಪು ಸುಲ್ತಾನ್ ಹುಟ್ಟಿದ ಜಾಗ. ಎರಡನೆಯದು ಮುದ್ದೇನಹಳ್ಳಿಯಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ. ದೇವನಹಳ್ಳಿಯಲ್ಲಿ ಮನೆ ಉಳಿದಿಲ್ಲ, ಜಾಗವನ್ನು ಗುರುತಿಸುವ ಪುಟ್ಟ ಕಲ್ಲುಕಂಬದ ಮಂಟಪ ಉಳಿದಿದೆ. ಮುದ್ದೇನಹಳ್ಳಿಯಲ್ಲಿ ಮನೆಯೇ ನಿಂತಿದೆ. ಕಳೆದ ದಸರಾ ರಜೆಯಲ್ಲಿ ದೊಡ್ಡಬಳ್ಳಾಪುರದ ನಮ್ಮ ಮನೆಯಿಂದ ನಾಲ್ಕು ತಲೆಮಾರಿನವರು ಹೊರಟು ಎರಡನ್ನೂ ಒಂದೇ ದಿನದಲ್ಲಿ ನೋಡಿ ಬಂದೆವು. ನನ್ನ ಅಮ್ಮ, ನಾನು, ಮಗ ಸೊಸೆ, ಮೂರನೆಯ ತರಗತಿಯಲ್ಲಿ ಓದುವ ಮೊಮ್ಮಗಳು. ಮಕ್ಕಳಿಗೆ ಇತಿಹಾಸ ತೋರಿಸಬೇಕು ಎಂದಿರುವವರು ಮೈಸೂರಿನ ಅರಮನೆಗಿಂತ ಮೊದಲು ಇಂಥ ಸಣ್ಣ ಜಾಗಗಳಿಗೆ ಕರೆದುಕೊಂಡು ಹೋಗಬೇಕು, ಜೊತೆಯಲ್ಲಿ ಮನೆಯ ಹಿರಿಯರೊಬ್ಬರು ಇರಲೇಬೇಕು ಎಂಬುದು ಆ ದಿನ ನನಗೆ ಮನವರಿಕೆಯಾಯಿತು. ಅದರ ಬಗ್ಗೆ, ಮತ್ತೆ ದಾರಿಯಲ್ಲಿ ಸಿಕ್ಕ ಒಂದು ಮರದ ಬಗ್ಗೆ, ಇವತ್ತು ಮಾತಾಡುತ್ತೇನೆ.

ಅರಮನೆಯಲ್ಲಿ ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ, ನಿಜ. ಚಿನ್ನದ ಅಂಬಾರಿ, ಬಣ್ಣದ ಗಾಜು, ಕಣ್ಣು ಹಾಯುವಷ್ಟು ಉದ್ದದ ದರ್ಬಾರು. ಆದರೆ ಅಲ್ಲಿ ತಾವು ಇರಬಹುದಿತ್ತು ಎಂದು ಯಾವ ಮಗುವಿಗೂ ಅನ್ನಿಸುವುದಿಲ್ಲ. ಸಣ್ಣ ಮನೆಯೊಳಗೆ ಕಾಲಿಟ್ಟ ಕೂಡಲೇ ಮಗು ಕೇಳುವ ಪ್ರಶ್ನೆಗಳೇ ಬೇರೆ. ಇವರು ಎಲ್ಲಿ ಮಲಗುತ್ತಿದ್ದರು, ನೀರು ಎಲ್ಲಿಂದ ತರುತ್ತಿದ್ದರು, ಶಾಲೆಗೆ ಎಷ್ಟು ದೂರ ನಡೆಯಬೇಕಿತ್ತು? ಈ ಪ್ರಶ್ನೆಗಳಿಗೆ ಫಲಕಗಳಲ್ಲಿ ಉತ್ತರ ಬರೆದಿರುವುದಿಲ್ಲ. ಮನೆಯ ಅಜ್ಜಿಗೆ ಗೊತ್ತಿರುತ್ತದೆ.

ಬೆಳಿಗ್ಗೆ ಬಿಸಿಲೇರುವ ಮೊದಲೇ ದೇವನಹಳ್ಳಿಗೆ ತಲುಪಿದೆವು. ಮೊದಲು ಕೋಟೆ. ಆವತಿಯ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡ 1501ರಲ್ಲಿ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಇದೇ ಆವತಿಯ ಮನೆತನದ ಕವಲುಗಳೇ ನಮ್ಮ ದೊಡ್ಡಬಳ್ಳಾಪುರವನ್ನೂ ಚಿಕ್ಕಬಳ್ಳಾಪುರವನ್ನೂ ಕಟ್ಟಿ ಆಳಿದವು. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮೂಲಪುರುಷರೂ ಆವತಿಯ ಕಡೆಯಿಂದ ಬಂದವರೇ. ಇಂದು ಹೆದ್ದಾರಿಯಲ್ಲಿ ಹೋಗುವವರು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಬಿಡುವ ಆ ಊರಿನಿಂದ ಇಷ್ಟೊಂದು ಪೇಟೆಗಳು ಹುಟ್ಟಿದವೆಂಬುದನ್ನು ನಮ್ಮ ಜಿಲ್ಲೆಯ ಪ್ರತಿ ಶಾಲೆಯಲ್ಲೂ ಹೇಳಿಕೊಡಬೇಕು. 1740ರ ದಶಕದ ಕೊನೆಯಲ್ಲಿ ಮೈಸೂರಿನ ನಂಜರಾಜಯ್ಯನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತು. ಆ ಮುತ್ತಿಗೆಯಲ್ಲಿ ಧೈರ್ಯ ತೋರಿಸಿ ಮೇಲಿನವರ ಕಣ್ಣಿಗೆ ಬಿದ್ದ ಒಬ್ಬ ಸಿಪಾಯಿಯೇ ಟಿಪ್ಪುವಿನ ತಂದೆ ಹೈದರಾಲಿ. ಅವನ ಏಳಿಗೆ ಶುರುವಾದದ್ದು ಈ ಗೋಡೆಗಳ ಬುಡದಲ್ಲಿ.

ಈಗ ನಾವು ನೋಡುವ ಕಲ್ಲಿನ ಕೋಟೆ ಹೈದರ್ ಮತ್ತು ಟಿಪ್ಪುವಿನ ಕಾಲದ್ದು. ಸುಮಾರು 20 ಎಕರೆಯನ್ನು ಸುತ್ತುವರಿದ, ಮೊಟ್ಟೆಯಾಕಾರದ ಗೋಡೆ; ಅದಕ್ಕೆ ಅರ್ಧಚಂದ್ರದಂಥ ಹನ್ನೆರಡು ಕೊತ್ತಲಗಳು; ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಬಾಗಿಲು. ಬಾಗಿಲುಗಳು ಚಿಕ್ಕವು. ಕುದುರೆ ಸವಾರ ನುಗ್ಗಿ ಹೋಗಲು ಸಾಕು, ಅಷ್ಟೇ. ಕಮಾನಿನ ಮೇಲೆ ಗಾರೆಯಲ್ಲಿ ಕೊರೆದ ಹೂಬಳ್ಳಿ ಇನ್ನೂ ಅಲ್ಲಲ್ಲಿ ಉಳಿದಿದೆ. ಈ ಕೋಟೆಯ ವಿಶೇಷವೆಂದರೆ ಒಳಗೆ ಇಂದಿಗೂ ಊರಿದೆ. ಜನ ಸಂಸಾರ ಮಾಡಿಕೊಂಡಿದ್ದಾರೆ, ಬಾಗಿಲಿಗೆ ರಂಗೋಲಿ ಬೀಳುತ್ತದೆ, ಮಕ್ಕಳು ಕೊತ್ತಲದ ನೆರಳಲ್ಲಿ ಕ್ರಿಕೆಟ್ ಆಡುತ್ತಾರೆ. ವೇಣುಗೋಪಾಲಸ್ವಾಮಿ ದೇವಸ್ಥಾನದ ಹೊರಗೋಡೆಯ ಮೇಲೆ ರಾಮಾಯಣದ ಕಥೆಯನ್ನೂ ಕೃಷ್ಣನ ಬಾಲಲೀಲೆಯನ್ನೂ ಸಾಲಾಗಿ ಕೆತ್ತಿದ್ದಾರೆ. ಅಮ್ಮ ಗೋಡೆಯ ಉದ್ದಕ್ಕೂ ನಡೆಯುತ್ತ ಒಂದೊಂದು ಚಿತ್ರಕ್ಕೂ ಕಥೆ ಹೇಳಿದಳು. ಓದು ಬರಹ ಅಷ್ಟಾಗಿ ಇಲ್ಲದ ಅವಳು ಆ ಕಲ್ಲುಗಳನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದಿದಳು.

ಅಲ್ಲಿಂದ ಟಿಪ್ಪು ಹುಟ್ಟಿದ ಜಾಗಕ್ಕೆ. ಕೋಟೆಗೆ ಸಮೀಪದಲ್ಲೇ ಇದೆ. ಖಾಸ್‌ಬಾಗ್ ಎಂದು ಆ ಪ್ರದೇಶದ ಹೆಸರು. ಕಂಬಗಳ ಮೇಲೆ ನಿಂತ, ಆಳೆತ್ತರದ ಸಣ್ಣ ಕಟ್ಟಡ. ಒಳಗೆ ಇದು ಟಿಪ್ಪುವಿನ ಜನ್ಮಸ್ಥಳ ಎಂದು ಸಾರುವ ಕಲ್ಲು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. 1750ರ ನವೆಂಬರ್ 20ರಂದು ಹುಟ್ಟಿದ ಎಂದು ಹೆಚ್ಚಿನ ಪುಸ್ತಕಗಳು ಹೇಳುತ್ತವೆ, 1751 ಎನ್ನುವ ಇತಿಹಾಸಕಾರರೂ ಇದ್ದಾರೆ. ತಾಯಿ ಫಕ್ರುನ್ನಿಸಾ ಕಡಪದ ಕೋಟೆಯ ಅಧಿಕಾರಿಯ ಮಗಳು. ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಟ್ಟರು.

ಟಿಪ್ಪುವಿನ ಆಳ್ವಿಕೆಯ ಬಗ್ಗೆ ನಮ್ಮ ನಾಡಿನಲ್ಲಿ ಗಟ್ಟಿಯಾದ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆಗೆ ಅದರದೇ ಜಾಗವಿದೆ. ನಾನು ಹೇಳಬೇಕೆಂದಿರುವುದು ಮನೆ ಮತ್ತು ತೋಟದ ವಿಚಾರ.

ಖಾಸ್‌ಬಾಗ್ ಎಂದರೆ ತೋಟವೇ ಆಗಿದ್ದ ಜಾಗ. ಹಿಂದೆ ಅಲ್ಲೊಂದು ಕೆರೆ ಇತ್ತು, ಬಾಳೆ, ಹುಣಸೆ, ಮಾವಿನ ಮರಗಳಿದ್ದವು. ಕೆರೆ ಬತ್ತಿದೆ. ಹೈದರನ ಸಂಸಾರ ಇದ್ದ ಮನೆಯ ಒಂದು ಗೋಡೆಯೂ ಇಲ್ಲ, ಹೊಸ್ತಿಲೂ ಇಲ್ಲ. ಮೊಮ್ಮಗಳು ಮಂಟಪದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, “ಅಜ್ಜಿ, ಪಾಪು ಹುಟ್ಟಿದ ಮನೆ ಎಲ್ಲಿ?” ಎಂದು ಕೇಳಿದಳು. “ಇಲ್ಲೇ ಇತ್ತಮ್ಮ” ಎಂದೆ. “ಇತ್ತು ಅಂದರೆ ಯಾರು ಕೆಡವಿದರು?” ಎಂದಳು. ಯಾರೂ ಬೇಕೆಂದು ಕೆಡವಬೇಕಾಗಿಲ್ಲ. ಯುದ್ಧ ಬಂತು, 1791ರಲ್ಲಿ ಕಾರ್ನ್‌ವಾಲಿಸ್ ಕಾಲದ ಇಂಗ್ಲಿಷ್ ಸೈನ್ಯ ದೇವನಹಳ್ಳಿ ಕೋಟೆಯನ್ನು ಹಿಡಿದು, ಮುಂದೆ ನಂದಿದುರ್ಗವನ್ನೂ ಹಿಡಿಯಿತು. ಅದಾದ ಮೇಲೆ ನೋಡಿಕೊಳ್ಳುವವರಿಲ್ಲದ ಮನೆಯ ಮಾಡು ಮೊದಲು ಕುಸಿಯುತ್ತದೆ, ತೊಲೆಯನ್ನು ಯಾರೋ ಒಯ್ಯುತ್ತಾರೆ, ಮಣ್ಣಿನ ಗೋಡೆ ನಾಲ್ಕು ಮಳೆಗಾಲದಲ್ಲಿ ಮಣ್ಣಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳು ಹೀಗೇ ಹೋದವು. ಅಮ್ಮನ ತವರುಮನೆಯೂ ಹೀಗೇ ಹೋದದ್ದು.

ಕಟ್ಟಡ ಹೋದರೂ ತೋಟದ ಆಸೆ ಆ ಮನೆತನದಲ್ಲಿ ಉಳಿಯಿತು. ಬೆಂಗಳೂರಿನ ಲಾಲ್‌ಬಾಗನ್ನು ಹೈದರ್ 1760ರಲ್ಲಿ ಆರಂಭಿಸಿದ, ಟಿಪ್ಪು ಬೆಳೆಸಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ತೋಟದ ನಡುವೆಯೇ ಕಟ್ಟಿಸಿದ. 1788ರಲ್ಲಿ ಫ್ರಾನ್ಸಿನ ದೊರೆ 16ನೆಯ ಲೂಯಿಯ ಆಸ್ಥಾನಕ್ಕೆ ಹೋದ ಅವನ ರಾಯಭಾರಿಗಳು ಕುಶಲಕರ್ಮಿಗಳ ಜೊತೆಗೆ ಗಿಡ, ಬೀಜಗಳನ್ನೂ ಕೇಳಿದ್ದರು. ಬಂಗಾಳದಿಂದ ರೇಷ್ಮೆ ಹುಳು ತರಿಸಿ ಹಿಪ್ಪುನೇರಳೆ ಬೆಳೆಸಲು ಅವನು ಮಾಡಿದ ಪ್ರಯತ್ನದ ಫಲ ನಮ್ಮ ಕಣ್ಣೆದುರಿಗೇ ಇದೆ. ದೇವನಹಳ್ಳಿಯಿಂದ ವಿಜಯಪುರದ ಕಡೆಗೆ, ಅಲ್ಲಿಂದ ಶಿಡ್ಲಘಟ್ಟದ ಕಡೆಗೆ ಹೋದರೆ ದಾರಿಯ ಎರಡೂ ಬದಿ ಹಿಪ್ಪುನೇರಳೆಯೇ. ಮನೆಮನೆಯಲ್ಲೂ ಚಂದ್ರಿಕೆ, ಗೂಡು, ಬಿಚ್ಚಾಣಿಕೆ. ಈ ಸೀಮೆಯ ಎಷ್ಟು ಮಕ್ಕಳ ಶಾಲೆಯ ಫೀಜನ್ನು ಆ ಹುಳು ಕಟ್ಟಿದೆಯೋ ಲೆಕ್ಕ ಹಾಕಿದವರಿಲ್ಲ.

ಈಗ ಮರದ ಮಾತು. ದೇವನಹಳ್ಳಿ ಎಂದರೆ ಇಂದಿನ ಮಕ್ಕಳಿಗೆ ವಿಮಾನ ನಿಲ್ದಾಣ. ನನಗೂ ಅಮ್ಮನಿಗೂ ದೇವನಹಳ್ಳಿ ಎಂದರೆ ಚಕ್ಕೋತ. ನಾವು ಕೋಟೆಯಿಂದ ಬರುವಾಗ ದಾರಿ ಬದಿಯಲ್ಲಿ ಒಬ್ಬಾಕೆ ನಾಲ್ಕೈದು ಚಕ್ಕೋತ ಇಟ್ಟುಕೊಂಡು ಕೂತಿದ್ದಳು. ಅಮ್ಮ ಕಾರು ನಿಲ್ಲಿಸಲು ಹೇಳಿದಳು. ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿ, ಗಾತ್ರಕ್ಕಿಂತ ಭಾರವಾಗಿದ್ದ ಒಂದನ್ನು ಆರಿಸಿಕೊಂಡಳು. “ಊರಿನದೇನಾ ತಾಯಿ, ಇಲ್ಲ ಹೊರಗಡೆಯಿಂದ ಬಂದಿದ್ದಾ?” ಎಂದು ಕೇಳಿದಳು. “ನಮ್ಮ ಹಿತ್ತಲದೇ ಅಮ್ಮಾ, ಎರಡು ಮರ ಉಳಿದಿದೆ” ಎಂದಳು ಆಕೆ.

ಅಮ್ಮನ ತವರು ವಿಜಯಪುರದ ಹತ್ತಿರದ ಹಳ್ಳಿ. ಅಲ್ಲಿ ಬಚ್ಚಲು ನೀರು ಹರಿದು ಹೋಗುವ ಕಡೆ ಒಂದು ಚಕ್ಕೋತದ ಮರ ಇರುತ್ತಿತ್ತಂತೆ, ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ. ಗೌರಿ ಗಣೇಶ ಹಬ್ಬದ ಹೊತ್ತಿಗೆ ಹಣ್ಣು ಬಲಿಯುತ್ತದೆ, ಗಣಪತಿಯ ಮುಂದೆ ಒಂದಾದರೂ ಇಡಲೇಬೇಕು. ಹಣ್ಣು ಬಿಡಿಸುವುದೇ ಒಂದು ಕೆಲಸ. ಮೊದಲು ತೊಟ್ಟಿನ ಕಡೆ ಬಿಲ್ಲೆಯಷ್ಟು ಕೊಯ್ದು ತೆಗೆಯಬೇಕು. ಮೇಲಿಂದ ಕೆಳಗೆ ನಾಲ್ಕಾರು ಗೀರು ಹಾಕಬೇಕು, ಚಾಕು ತೊಳೆಗೆ ತಾಗಬಾರದು. ಹೆಬ್ಬೆರಳು ತೂರಿಸಿ ಸಿಪ್ಪೆಯನ್ನು ಹಿಂದಕ್ಕೆ ಎಳೆದರೆ ಬೆರಳ ದಪ್ಪದ ಬಿಳಿ ತಿರುಳು ಕಾಣುತ್ತದೆ. ಅದು ಕಹಿ, ಪೂರ್ತಿ ತೆಗೆಯಬೇಕು. ತೊಳೆಯ ಮೇಲಿನ ಪೊರೆಯೂ ಕಹಿ, ಅದನ್ನೂ ಬೆನ್ನಿನ ಕಡೆಯಿಂದ ಸುಲಿಯಬೇಕು. ಆಮೇಲೆ ಸಿಗುವ ಕೆಂಪು ತಿಳಿಗುಲಾಬಿ ಎಸಳಿಗೆ ಚೂರು ಉಪ್ಪು, ಚೂರು ಖಾರದ ಪುಡಿ. ದೇವನಹಳ್ಳಿಯ ಚಕ್ಕೋತಕ್ಕೆ ಬೇರೆ ಕಡೆಯ ಚಕ್ಕೋತದ ಕಹಿ ಇಲ್ಲ, ಸಿಹಿ ಮುಂದಾಗಿ ಹುಳಿ ಹಿಂದಾಗಿ ಬರುತ್ತದೆ. ಆ ಗುಣಕ್ಕಾಗಿಯೇ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ನಮ್ಮ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿಗೂ ಆ ಮಾನ್ಯತೆ ಇದೆ.

ಮಾನ್ಯತೆ ಸಿಕ್ಕಿದೆ, ಮರಗಳು ಮಾತ್ರ ಕಡಿಮೆಯಾಗುತ್ತಿವೆ. 2008ರ ಮೇ ತಿಂಗಳಲ್ಲಿ ಆರಂಭವಾದ ವಿಮಾನ ನಿಲ್ದಾಣಕ್ಕೆ ಸುಮಾರು 4,000 ಎಕರೆ ಜಮೀನು ಹೋಯಿತು. ಅದಕ್ಕಿಂತ ಹೆಚ್ಚಾಗಿ ಅದರ ಸುತ್ತ ಸೈಟುಗಳಾದವು, ಬಡಾವಣೆಗಳಾದವು. ಜಮೀನಿನ ಬೆಲೆ ಏರಿದಾಗ ಹಿತ್ತಲಿನ ಮರಕ್ಕೆ ಜಾಗವಿರುವುದಿಲ್ಲ. ಇಲ್ಲೊಂದು ಸಂಗತಿಯನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ಕಿತ್ತಳೆ ಜಾತಿಯ ಹೆಚ್ಚಿನ ಹಣ್ಣುಗಳಲ್ಲಿ ಒಂದೇ ಬೀಜದಿಂದ ಹಲವು ಮೊಳಕೆಗಳು ಬರುತ್ತವೆ, ಅವುಗಳಲ್ಲಿ ತಾಯಿಮರದ ಪಡಿಯಚ್ಚೇ ಆದ ಸಸಿಗಳಿರುತ್ತವೆ. ಚಕ್ಕೋತದ ಬೀಜದಲ್ಲಿರುವುದು ಒಂದೇ ಮೊಳಕೆ, ಅದೂ ಪರಾಗದ ಬೆರಕೆಯಿಂದ ಆದದ್ದು. ಹಾಗಾಗಿ ಒಳ್ಳೆಯ ಹಣ್ಣಿನ ಬೀಜ ಹಾಕಿದರೆ ಅದೇ ಹಣ್ಣು ಬರುತ್ತದೆಂಬ ಭರವಸೆ ಇಲ್ಲ. ಕಹಿಯೂ ಬರಬಹುದು. ತಾಯಿಮರದ ರುಚಿ ಬೇಕೆಂದರೆ ತಾಯಿಮರದ ಕೊಂಬೆಯಿಂದಲೇ ಗಿಡ ಮಾಡಬೇಕು. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಕೊಂಬೆಯೊಂದನ್ನು ಆರಿಸಿ, ಒಂದಂಗುಲ ಅಗಲಕ್ಕೆ ತೊಗಟೆಯನ್ನು ಬಳೆಯಂತೆ ಸುತ್ತಲೂ ಬಿಡಿಸಿ, ಆ ಜಾಗಕ್ಕೆ ಒದ್ದೆ ಪಾಚಿ ಕಟ್ಟಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದರೆ ಕೆಲವು ವಾರಗಳಲ್ಲಿ ಬಿಳಿ ಬೇರು ಕಾಣಿಸುತ್ತದೆ. ಕೊಂಬೆಯನ್ನು ಕತ್ತರಿಸಿ ಕುಂಡಕ್ಕಿಟ್ಟು, ಚೇತರಿಸಿಕೊಂಡ ಮೇಲೆ ನೆಲಕ್ಕೆ ನೆಡುತ್ತಾರೆ. ಇದಕ್ಕೆ ಗೂಟಿ ಕಟ್ಟುವುದು ಎನ್ನುತ್ತಾರೆ. ಅಂದರೆ, ಒಳ್ಳೆಯ ಜಾತಿಯ ಒಂದು ಹಳೆಯ ಮರ ಗೂಟಿ ಕಟ್ಟುವ ಮೊದಲೇ ಉರುಳಿದರೆ ಆ ರುಚಿಯನ್ನು ಬೀಜದಿಂದ ಮರಳಿ ತರಲಾಗುವುದಿಲ್ಲ. ಕಟ್ಟಡವನ್ನಾದರೂ ನಕ್ಷೆ ನೋಡಿ ಮತ್ತೆ ಕಟ್ಟಬಹುದು.

ದೇವನಹಳ್ಳಿಯಿಂದ ಹೊರಟು ಆವತಿ ದಾಟಿ ನಂದಿಯ ಕಡೆ ತಿರುಗಿದೆವು. ರೈಲಿನಲ್ಲಿ ಬರುವವರಿಗೂ ಅನುಕೂಲವಿದೆ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಮೂಲಕವೇ ಹೋಗುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1915ರ ಸುಮಾರಿಗೆ, ನ್ಯಾರೋಗೇಜ್ ಆಗಿ ಆರಂಭವಾದ ಮಾರ್ಗವದು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರೇ. ಆ ಕಾಲದ ಹಂಚಿನ ಪುಟ್ಟ ನಿಲ್ದಾಣಗಳು ಕೆಲವು ಇನ್ನೂ ಇವೆ. ಮಕ್ಕಳನ್ನು ರೈಲಿನಲ್ಲೇ ಕರೆದುಕೊಂಡು ಹೋದರೆ ಇನ್ನೂ ಚೆನ್ನ.

ಮುದ್ದೇನಹಳ್ಳಿ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಆದರೆ ನಮ್ಮ ಕಡೆಯವರು ಜಿಲ್ಲೆಯ ಗಡಿಯನ್ನು ಲೆಕ್ಕಕ್ಕೆ ಇಟ್ಟವರಲ್ಲ. ನಂಟಸ್ತನ, ಸಂತೆ, ಜಾತ್ರೆ ಎಲ್ಲ ಒಂದೇ. ಊರಿನ ಹಿಂದೆ ನಂದಿ ಬೆಟ್ಟದ ಸಾಲು ಗೋಡೆಯಂತೆ ನಿಂತಿದೆ. ವಿಶ್ವೇಶ್ವರಯ್ಯನವರ ಪೂರ್ವಜರು ಆಂಧ್ರದ ಮೋಕ್ಷಗುಂಡದಿಂದ ಬಂದು ಇಲ್ಲಿ ನೆಲೆಸಿದವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. 1861ರ ಸೆಪ್ಟೆಂಬರ್ 15ರಂದು ಹುಟ್ಟಿದ ಮಗ ಮೊದಲು ಚಿಕ್ಕಬಳ್ಳಾಪುರದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಓದಿದರು. ತಂದೆಯನ್ನು ಚಿಕ್ಕ ವಯಸ್ಸಿನಲ್ಲೇ ಕಳೆದುಕೊಂಡದ್ದರಿಂದ, ಬೆಂಗಳೂರಿನಲ್ಲಿ ಕೊಡಗಿನ ಮೂಲದ ಅಧಿಕಾರಿಯೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತ ತಾವು ಓದಬೇಕಾಯಿತು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ ಪುಣೆಗೆ ಹೋಗಿ ಎಂಜಿನಿಯರಾದರು.

ಮನೆ ದೊಡ್ಡದಲ್ಲ. ಮೊದಲ ಸಲ ನೋಡುವವರು ಇಷ್ಟೇನಾ ಎನ್ನಬಹುದು. ಇಷ್ಟೇ ಇರುವುದೇ ಅದರ ಹಿರಿಮೆ ಎಂದು ನಾನು ನಂಬಿದ್ದೇನೆ. ದುರಸ್ತಿ ಮಾಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅವರು ಬಳಸಿದ ಕನ್ನಡಕ, ಬಟ್ಟಲುಗಳು, ಓದಿದ ಪುಸ್ತಕಗಳು, ಬಂದ ಬಿರುದು ಬಾವಲಿಗಳು, ಕಟ್ಟಿಸಿದ ಕೆಲಸಗಳ ಚಿತ್ರಗಳು. ಮೊಮ್ಮಗಳು ಬಹಳ ಹೊತ್ತು ನಿಂತದ್ದು ಒಂದು ಸಣ್ಣ ಅಚ್ಚಿನ ಮುಂದೆ. ವಿಶ್ವೇಶ್ವರಯ್ಯನವರ ವಿಸಿಟಿಂಗ್ ಕಾರ್ಡ್ ಮುದ್ರಿಸುತ್ತಿದ್ದ ಅಚ್ಚು ಅದು. ಅಚ್ಚಿನಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ, ಕಾಗದದ ಮೇಲೆ ಒತ್ತಿದಾಗ ನೇರವಾಗುತ್ತದೆ ಎಂದು ಅವಳ ಅಪ್ಪ ವಿವರಿಸಿದ. ಅವಳು ತನ್ನ ಅಂಗೈಯ ಮೇಲೆ ಬೆರಳಿನಿಂದ ತನ್ನ ಹೆಸರನ್ನು ಹಿಂದುಮುಂದಾಗಿ ಬರೆದು ನೋಡಲು ಶುರುಮಾಡಿದಳು. ಅಣೆಕಟ್ಟು ಕಟ್ಟಿದವರು, ಭಾರತರತ್ನ ಪಡೆದವರು ಎಂದು ಶಾಲೆಯಲ್ಲಿ ಉರು ಹೊಡೆದಿದ್ದವಳಿಗೆ, ಅವರೂ ಯಾರದೋ ಮನೆ ಬಾಗಿಲು ತಟ್ಟಿ ಹೆಸರಿನ ಚೀಟಿ ಕೊಡುತ್ತಿದ್ದ ಮನುಷ್ಯ ಎಂಬುದು ಆಗ ತಿಳಿಯಿತು.

ಅಮ್ಮ ನೋಡಿದ್ದೇ ಬೇರೆ. ಅವಳ ಕಣ್ಣು ಬಾಗಿಲುವಾಡದ ಮೇಲೆ, ಗೋಡೆಯ ದಪ್ಪದ ಮೇಲೆ. “ಇಂಥ ಗೋಡೆಯೊಳಗೆ ಬೇಸಿಗೆಯಲ್ಲಿ ಫ್ಯಾನು ಬೇಡ” ಎಂದಳು. ತವರಿನಲ್ಲಿ ಗೋಡೆ ಕಟ್ಟಲು ಮಣ್ಣು ಕಲಸಿ ದಿನಗಟ್ಟಲೆ ಕೊಳೆಹಾಕುತ್ತಿದ್ದದ್ದು, ಎತ್ತು ಕಟ್ಟಿ ತುಳಿಸುತ್ತಿದ್ದದ್ದು, ಹಬ್ಬಕ್ಕೆ ಮೊದಲು ಕೆಮ್ಮಣ್ಣು ಸುಣ್ಣ ಬಳಿಯುತ್ತಿದ್ದದ್ದು ಒಂದೊಂದಾಗಿ ಹೊರಗೆ ಬಂತು. ಅರವತ್ತು ದಾಟಿದ ನನಗೇ ಗೊತ್ತಿರದ ಸಂಗತಿಗಳು. ಸೊಸೆ ಫೋನಿನಲ್ಲಿ ಅದನ್ನೆಲ್ಲ ದನಿಮುದ್ರಿಸಿಕೊಂಡಳು. ಆ ದಿನದ ಒಳ್ಳೆಯ ಕೆಲಸ ಅದು.

ಈ ಎರಡು ಜನ್ಮಸ್ಥಳಗಳನ್ನು ಬೆಸೆಯುವ ಒಂದು ಕಲ್ಲು ದೂರದ ಕನ್ನಂಬಾಡಿಯಲ್ಲಿದೆ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದಾಗ, 1911ರಲ್ಲಿ, ಅಲ್ಲಿ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಅದೇ ಜಾಗದಲ್ಲಿ ಟಿಪ್ಪುವಿನ ಕಾಲದ, 1790ರ ದಶಕದ ಪಾರಸಿ ಶಾಸನವೊಂದು ಸಿಕ್ಕಿತು. ಕಾವೇರಿಗೆ ಅಲ್ಲಿ ಅಣೆ ಕಟ್ಟಲು ಬುನಾದಿ ಹಾಕಿದ್ದನ್ನೂ, ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವ ರೈತರಿಗೆ ಕಂದಾಯದಲ್ಲಿ ರಿಯಾಯಿತಿ ಕೊಡುವುದನ್ನೂ ಅದು ಹೇಳುತ್ತದೆ. ಆ ಶಾಸನವನ್ನು ಅಣೆಕಟ್ಟೆಯ ಪ್ರವೇಶದಲ್ಲಿ ನಿಲ್ಲಿಸಿದ್ದಾರೆ, ಇಂದಿಗೂ ನೋಡಬಹುದು. ದೇವನಹಳ್ಳಿಯಲ್ಲಿ ಹುಟ್ಟಿದವನು ಬಯಸಿದ ಕಟ್ಟೆಯನ್ನು ನೂರಿಪ್ಪತ್ತು ವರ್ಷಗಳ ನಂತರ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು ಕಟ್ಟಿಸಿದರು. ಇಬ್ಬರೂ ಹುಟ್ಟಿದ್ದು ದೊಡ್ಡ ನದಿಯಿಲ್ಲದ, ಕೆರೆ ಬಾವಿಗಳನ್ನೇ ನೆಚ್ಚಿಕೊಂಡ ಬಯಲುಸೀಮೆಯಲ್ಲಿ. ನೀರಿನ ಬೆಲೆ ಇಲ್ಲಿಯ ಮಕ್ಕಳಿಗೆ ತೊಟ್ಟಿಲಿನಿಂದಲೇ ಗೊತ್ತು. ಈ ಸಂಬಂಧವನ್ನು ನಾನು ಮೊಮ್ಮಗಳಿಗೆ ಹೇಳಿದ್ದು ಮುದ್ದೇನಹಳ್ಳಿಯ ಆಂಜನೇಯನ ಗುಡಿಯ ಮುಂದೆ ಕೂತಾಗ. ಮುಂದಿನ ರಜೆಗೆ ಕನ್ನಂಬಾಡಿಗೆ ಹೋಗಿ ಆ ಕಲ್ಲನ್ನು ನೋಡಲೇಬೇಕು ಎಂದು ಅವಳು ಆಗಲೇ ಅಪ್ಪನಿಂದ ಮಾತು ತೆಗೆದುಕೊಂಡಳು.

ಮುದ್ದೇನಹಳ್ಳಿಯಲ್ಲೇ ವಿಶ್ವೇಶ್ವರಯ್ಯನವರ ಸಮಾಧಿಯಿದೆ, ಸುತ್ತ ಉದ್ಯಾನ. ನೂರು ವರ್ಷ ಬಾಳಿ 1962ರ ಏಪ್ರಿಲ್‌ನಲ್ಲಿ ತೀರಿಕೊಂಡ ಅವರನ್ನು ಹುಟ್ಟಿದ ಊರಿಗೇ ತಂದರು. ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಇಷ್ಟಕ್ಕೆಲ್ಲ ಕಾರಣರಾದವರು ಮಲಗಿರುವ ಜಾಗ ಹಸಿರು ಹುಲ್ಲಿನ ನಡುವೆ ಅಚ್ಚುಕಟ್ಟಾಗಿದೆ. ಉದ್ಯಾನದ ಹೂಗಿಡಗಳು ಚೆನ್ನಾಗಿವೆ. ನನಗೊಂದು ಆಸೆ: ಅವುಗಳ ನಡುವೆ ಈ ಸೀಮೆಯದೇ ಆದ ಮರಗಳು ಇನ್ನಷ್ಟು ಇರಬೇಕು. ಅಲ್ಲೊಂದು, ದೇವನಹಳ್ಳಿಯ ಖಾಸ್‌ಬಾಗಿನಲ್ಲೊಂದು ಚಕ್ಕೋತ ನೆಟ್ಟು, ಬಂದ ಮಕ್ಕಳಿಗೆ ತೋರಿಸುವಂತಾದರೆ ಎಷ್ಟು ಒಳ್ಳೆಯದು. ತೋಟವೆಂಬ ಹೆಸರು ಹೊತ್ತ ಜಾಗದಲ್ಲಿ ಆ ಊರಿನ ಹೆಸರು ಹೊತ್ತ ಹಣ್ಣಿನ ಮರ ಇರಬೇಕು ಎಂದು ಕೇಳುವುದು ದೊಡ್ಡ ಬೇಡಿಕೆ ಆಗಲಾರದು. ತೋಟಗಾರಿಕೆ ಇಲಾಖೆಯವರೂ ಈ ಸ್ಮಾರಕಗಳನ್ನು ನೋಡಿಕೊಳ್ಳುವವರೂ ಸೇರಿ ಮನಸ್ಸು ಮಾಡಬೇಕು.

ಊಟಕ್ಕೆ ನಂದಿ ಗ್ರಾಮದ ಕಡೆ ಬಂದೆವು. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ, ಮೊಸರನ್ನ ಮರದ ನೆರಳಿನಲ್ಲಿ ಖಾಲಿಯಾಯಿತು. ಅಮ್ಮ ಚಕ್ಕೋತ ಬಿಡಿಸಿದಳು. ಮೊಮ್ಮಗಳು ಸಿಪ್ಪೆಯನ್ನು ಟೋಪಿ ಮಾಡಿ ತಲೆಗಿಟ್ಟುಕೊಂಡಳು. ಅಮ್ಮನೂ ಚಿಕ್ಕಂದಿನಲ್ಲಿ ಅದನ್ನೇ ಮಾಡುತ್ತಿದ್ದಳಂತೆ. ಭೋಗನಂದೀಶ್ವರ ದೇವಾಲಯ, ಅದರ ಶೃಂಗಿ ತೀರ್ಥವೆಂಬ ಕಲ್ಯಾಣಿ, ಒಂಬತ್ತನೆಯ ಶತಮಾನದಿಂದ ಬಂದ ಅದರ ಇತಿಹಾಸ, ಇವೆಲ್ಲ ಬೇರೆಯೇ ಒಂದು ಭಾಷಣಕ್ಕೆ ಸಾಕಾಗುವಷ್ಟಿದೆ. ಇವತ್ತು ಅದಕ್ಕೆ ಕೈಹಾಕುವುದಿಲ್ಲ.

ಹೋಗಬೇಕೆನ್ನುವವರಿಗೆ ಎರಡು ಮಾತು. ಒಂದೇ ದಿನದಲ್ಲಿ ಎಂಟು ಜಾಗ ಮುಗಿಸುವ ಆತುರ ಬೇಡ. ಎರಡೇ ನೋಡಿ, ಮಕ್ಕಳು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನೀವೂ ನಿಲ್ಲಿ. ಹಿರಿಯರನ್ನು ಕಾರಿನಲ್ಲಿ ಕೂರಿಸಿ ನೀವು ಮಾತ್ರ ಒಳಗೆ ಹೋಗಿ ಬರಬೇಡಿ. ಕೈಹಿಡಿದು ನಡೆಸಿಕೊಂಡು ಹೋಗಿ, ಒಳಗೆ ಕೂರಿಸಿ, ಕೇಳಿ. ಫಲಕ ಮುಗಿಯುವಲ್ಲಿ ಅವರ ಮಾತು ಶುರುವಾಗುತ್ತದೆ. ಕೋಟೆಯೊಳಗೆ ಹೋದಾಗ ಅದು ಜನ ವಾಸಿಸುವ ಊರು ಎಂಬುದು ನೆನಪಿರಲಿ, ಅವರ ಬಾಗಿಲಿನ ಮುಂದೆ ಕಸ ಬಿಡಬೇಡಿ, ಗಾರೆಯ ಮೇಲೆ ಹೆಸರು ಕೊರೆಯಬೇಡಿ.

ಇನ್ನು ನಮ್ಮ ನಮ್ಮ ಊರಿನ ಮಾತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ನೂರು ವರ್ಷದ ಮನೆಗಳು ಇನ್ನೂ ಕೆಲವು ಉಳಿದಿವೆ. ದೊಡ್ಡವರು ಹುಟ್ಟಿದ ಮನೆಯೇ ಆಗಬೇಕಿಲ್ಲ. ಮಗ್ಗದ ಮನೆ, ಗೂಡು ಬಿಚ್ಚುವ ಮನೆ, ತೊಟ್ಟಿಯ ಮನೆ. ಕೆಡವಲೇಬೇಕಾಗಿ ಬಂದರೆ ಕೆಡವುವ ಮುನ್ನ ಅಳತೆ ತೆಗೆಯಿರಿ, ಚಿತ್ರ ತೆಗೆಯಿರಿ, ಅದರಲ್ಲಿ ಬಾಳಿದವರ ಮಾತನ್ನು ದನಿಮುದ್ರಿಸಿ. ಹಿತ್ತಲಲ್ಲಿ ಹಳೆಯ ಚಕ್ಕೋತದ ಮರವಿದ್ದರೆ ಅದರ ಹಣ್ಣಿನ ರುಚಿ ಗೊತ್ತಿರುವವರು ಇರುವಾಗಲೇ ಗೂಟಿ ಕಟ್ಟಿ, ನಾಲ್ಕು ಗಿಡ ಮಾಡಿ ನಾಲ್ಕು ಮನೆಗೆ ಕೊಡಿ. ಗೂಟಿ ಕಟ್ಟುವ ಕೆಲಸಕ್ಕೆ ಮಳೆಗಾಲವೇ ಸರಿಯಾದ ಕಾಲ. ಮುಂದಿನ ಮಳೆಗೆ ಮೊದಲು ಮರವನ್ನು ಗುರುತು ಮಾಡಿಟ್ಟುಕೊಳ್ಳಿ.